ಕಚೇರಿಯ ಜಾಲತಾಣವನ್ನು ಸ್ಕ್ರೀನ್ ರೀಡರ್‌ಗೆ ಒಗ್ಗಿಸುವ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಾಗಲಿ ಮಂಡ್ಯದಲ್ಲಾಗಲಿ, ಇಂದು ಕಚೇರಿಯ ಸುತ್ತೋಲೆ, ರಜೆ ಅರ್ಜಿ, ಕೆಲಸದ ಹಂಚಿಕೆ, ಸಹೋದ್ಯೋಗಿಗಳ ಚಾಟ್ ಎಲ್ಲವೂ ಒಂದೇ ಜಾಲತಾಣದಲ್ಲಿ ನಡೆಯುವುದರಿಂದ, ಪರದೆಯ ಬರಹವನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್‌ನಿಂದಲೂ ಅದನ್ನು ಓದಲಾಗದ ಅಂಧ ನೌಕರರು ಕಚೇರಿಯಲ್ಲಿದ್ದೂ ಕೆಲಸದಿಂದ ಹೊರಗುಳಿಯುತ್ತಾರೆ.

ದುರಸ್ತಿಗೆ ಮೊದಲು, ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ವಿಂಡೋಸ್ ಗಣಕದಲ್ಲಿ ಅಳವಡಿಸಿ, ಅದರ ಸ್ಕ್ರೀನ್ ಕರ್ಟನ್ ಸೌಲಭ್ಯದಿಂದ ಪರದೆಯನ್ನು ಕಪ್ಪಾಗಿಸಿ, ಮೌಸನ್ನು ಪಕ್ಕಕ್ಕಿಡಿ. ‘ಎಚ್’ ಕೀಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ, ‘ಬಿ’ ಕೀಲಿ ಬಟನ್‌ನಿಂದ ಬಟನ್‌ಗೆ ಒಯ್ಯುತ್ತದೆ. ಈ ಸ್ಥಿತಿಯಲ್ಲಿ ಒಂದು ರಜೆ ಅರ್ಜಿಯನ್ನು ಸಲ್ಲಿಸಲು ಯತ್ನಿಸಿ; ಎಲ್ಲಿ ತಡವರಿಸಿದಿರೋ ಅದನ್ನು ಬರೆದಿಟ್ಟುಕೊಳ್ಳಿ. (ಕೆಲವು ತಡವರಿಕೆಗಳು ನಿಮ್ಮ ಅಭ್ಯಾಸದ ಕೊರತೆಯಿಂದಲೂ ಆಗುತ್ತವೆ.)

ಕನ್ನಡ ಕಚೇರಿಗಳ ದೊಡ್ಡ ತೊಡಕು ಅಕ್ಷರಗಳದ್ದೇ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ಸುತ್ತೋಲೆ ಕಣ್ಣಿಗೆ ಅಚ್ಚ ಕನ್ನಡವಾಗಿ ಕಂಡರೂ, ಕಡತದೊಳಗೆ ಇರುವುದು ರೋಮನ್ ಅಕ್ಷರಗಳೂ ಚಿಹ್ನೆಗಳೂ ಆದ್ದರಿಂದ ಸ್ಕ್ರೀನ್ ರೀಡರ್ ಅವನ್ನೇ ಅರ್ಥವಿಲ್ಲದೆ ಒದರುತ್ತದೆ. ಇಂಥವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಒಮ್ಮೆ ಓದಿ ನೋಡಬೇಕು. ಮೊಹರು ಹಾಕಿ ಸ್ಕ್ಯಾನ್ ಮಾಡಿದ ಪಿಡಿಎಫ್ ಬರಿಯ ಚಿತ್ರ. ಅದರ ಜೊತೆಗೆ ಪಠ್ಯವನ್ನೂ ಹಾಕಿ. ಪುಟದ ಎಚ್‌ಟಿಎಂಎಲ್ ಕೋಡ್‌ನಲ್ಲಿ ಭಾಷೆಯನ್ನು ಸೂಚಿಸುವ ‘ಲ್ಯಾಂಗ್’ (lang) ಗುಣಲಕ್ಷಣದಲ್ಲಿ ಕನ್ನಡದ ಸಂಕೇತವಾದ ‘ಕೆಎನ್’ (kn) ಎಂದು ನಮೂದಿಸಿ, ನಡುವೆ ಬರುವ ಇಂಗ್ಲಿಷ್ ಭಾಗಗಳನ್ನು ಪ್ರತ್ಯೇಕವಾಗಿ ಗುರುತಿಸಿದರೆ, ಎರಡೂ ಭಾಷೆಯ ಧ್ವನಿಗಳಿರುವ ಗಣಕದಲ್ಲಿ ಓದುವ ಧ್ವನಿ ತಾನಾಗಿ ಬದಲಾಗಬಲ್ಲದು.

ಚಿತ್ರ ಮಾತ್ರವಿರುವ ಬಟನ್‌ಗೆ ಹೆಸರು ಕೊಡದಿದ್ದರೆ ಕೇಳುಗರಿಗೆ ಸಿಗುವುದು ‘ಬಟನ್’ ಎಂಬ ಒಂದೇ ಮಾತು. ‘ಕಡತ ಲಗತ್ತಿಸು’ ಎಂಬಂತೆ ಅದು ಮಾಡುವ ಕೆಲಸವನ್ನೇ ಹೆಸರಾಗಿಡಿ. ‘ಪಿನ್ ಚಿತ್ರ’ ಎಂದಿಟ್ಟರೆ ಏನೂ ತಿಳಿಯದು.

ಚಾಟ್‌ನಲ್ಲಿ ಹೊಸ ಸಂದೇಶ ಬಂದದ್ದು ತಿಳಿಯಲು ಕೋಡ್‌ನಲ್ಲಿ ಆ ಭಾಗಕ್ಕೆ ‘ಏರಿಯಾ-ಲೈವ್’ (aria-live) ಗುಣಲಕ್ಷಣ ಬೇಕು. ಅದರ ಮೌಲ್ಯ ‘ಪೊಲೈಟ್’ (polite) ಆಗಿದ್ದರೆ ಓದುತ್ತಿರುವ ವಾಕ್ಯ ಮುಗಿದ ಮೇಲೆ ಸಂದೇಶ ಕೇಳಿಸುತ್ತದೆ. ‘ಅಸರ್ಟಿವ್’ (assertive) ಆಗಿದ್ದರೆ ಮಾತನ್ನು ಕತ್ತರಿಸಿ ನುಗ್ಗುತ್ತದೆ. ಗದ್ದಲದ ಗುಂಪುಗಳಲ್ಲಿ ‘ಪೊಲೈಟ್’ ಕೂಡ ಕಾಡುತ್ತದೆಯಾದ್ದರಿಂದ, ಘೋಷಣೆಯನ್ನು ನಿಲ್ಲಿಸುವ ಆಯ್ಕೆಯನ್ನು ಬಳಕೆದಾರರಿಗೇ ಕೊಡುವುದು ಲೇಸು.

ಕೆಲಸದ ಚೀಟಿಗಳನ್ನು ಮೌಸ್‌ನಿಂದ ಎಳೆದು ಕಾಲಂ ಬದಲಿಸುವ ಫಲಕಗಳಿಗೆ, ಕೀಲಿಮಣೆಯಿಂದ ಬಳಸಬಲ್ಲ ‘ಸರಿಸು’ ಬಟನ್ ಸೇರಿಸಿ, ಕಾಲಂಗಳ ಪಟ್ಟಿಯಿಂದ ಆರಿಸುವಂತೆ ಮಾಡಿ. ಎಳೆಯದೆಯೂ ಆ ಕೆಲಸ ಸಾಧ್ಯವಿರಬೇಕೆಂಬುದನ್ನು 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ, ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆನ್ನುವ ಅಂತರರಾಷ್ಟ್ರೀಯ ಮಾನದಂಡವೂ ಹೇಳುತ್ತದೆ. ಚೀಟಿ ಸರಿದ ಮೇಲೆ ‘ಮುಗಿದವು ಕಾಲಂಗೆ ಸರಿಸಲಾಗಿದೆ’ ಎಂದು ಧ್ವನಿಯಲ್ಲಿಯೂ ತಿಳಿಸಬೇಕು.

ಕೊನೆಯ ಪರೀಕ್ಷೆಯನ್ನು ದಿನವೂ ಸ್ಕ್ರೀನ್ ರೀಡರ್ ಬಳಸುವ ನೌಕರರಿಂದಲೇ ಮಾಡಿಸಿ, ಅದಕ್ಕೆ ತಗಲುವ ಸಮಯವನ್ನು ಅವರ ಕೆಲಸದ ಅವಧಿಯಲ್ಲಿಯೇ ಲೆಕ್ಕ ಹಾಕಿ.