ಹಳೇ ಕಾರಿನ ಹೀಟರ್ ಕೋರ್ ಲೀಕ್ ಆಗ್ತಿದ್ರೆ ಮನೇಲೇ ಬದ್ಲಾಯ್ಸೋದು ಹೇಗೆ

ಮುಂದಿನ ಎಡಗಡೆ ಸೀಟಿನ ಕೆಳಗೆ ಮ್ಯಾಟ್ ಒದ್ದೆ ಇದ್ರೆ ನಮ್ ಮಲ್ನಾಡಲ್ಲಿ ಎಲ್ರೂ ಮೊದ್ಲು ಬೈಯೋದು ಮಳೆನ. ಬೆರಳಲ್ಲಿ ಮುಟ್ಟಿ ನೋಡಿ. ಬರೀ ನೀರಾದ್ರೆ ಗ್ಲಾಸಿನ ಬೀಡಿಂಗೋ ಎಸಿ ಡ್ರೈನ್ ಪೈಪೋ ಇರ್ಬೋದು, ಜಾರತ್ತೆ, ಬಣ್ಣ ಇದೆ, ಸಿಹಿ ವಾಸ್ನೆ ಬೇರೆ ಅಂದ್ರೆ ಅದು ಕೂಲಂಟು, ಎಂಜಿನ್ ತಣ್ಣಗಿಡೋ ದ್ರವ. ಅಂದ್ರೆ ಡ್ಯಾಶ್‌ಬೋರ್ಡ್ ಒಳಗೆ ಬಿಸಿಗಾಳಿ ಕೊಡೋ ಪುಟ್ಟ ರೇಡಿಯೇಟರ್, ಅದೇ ಹೀಟರ್ ಕೋರ್, ಲೀಕ್ ಆಗ್ತಿದೆ. ಬ್ಲೋವರ್ ಹಾಕಿದ್ ಕೂಡ್ಲೇ ಗ್ಲಾಸಿಗೆ ಜಿಡ್ಡು ಮಬ್ಬು ಕೂತ್ರಂತೂ ಡೌಟೇ ಬೇಡ.

ಲೀಕ್ ನಿಲ್ಸೋಕೆ ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಅನ್ನೋರು ಸಿಗ್ತಾರೆ. ಬೇಡ ಮಾರಾಯ್ರೆ, ಕೋರಿನ ಟ್ಯೂಬ್ ಸಣ್ಣ, ಕಟ್ಕೊಂಡ್ರೆ ಬಿಸಿಗಾಳಿನೂ ಹೋಯ್ತು. ಇನ್ನೊಂದು ದಾರಿ ಬೈಪಾಸ್, ಎಂಜಿನ್ ಕಡೆಯಿಂದ ಕೋರಿಗೆ ಹೋಗೋ ಎರಡೂ ಹೋಸನ್ನ ಒಂದು ಪೈಪಿಟ್ಟು ಸೇರ್ಸಿಬಿಡೋದು. ಅರ್ಜೆಂಟಿಗೆ ಓಕೆ, ಬಯಲುಸೀಮೆಯಲ್ಲಿ ಓಡ್ಸೋರಿಗೆ ಅಷ್ಟೇ ಸಾಕು, ಆದ್ರೆ ಎಸಿ ಇಲ್ದಿರೋ ಗಾಡೀಲಿ ಜುಲೈ ತಿಂಗಳು ಆಗುಂಬೆ ಘಾಟಿ ಹತ್ತೋವಾಗ ಗ್ಲಾಸಿನ ಮಂಜು ತೆಗೆಯೋಕೆ ಇರೋದು ಹೀಟರ್ ಒಂದೇ, ಹೇರ್‌ಪಿನ್ ತಿರುವಲ್ಲಿ ಒಂದ್ ಕೈಯಲ್ಲಿ ಬಟ್ಟೆ ಹಿಡ್ಕೊಂಡು ಒರೆಸ್ತಾ ಹೋಗೋಕಾಗಲ್ಲ. ಹಂಗಾಗಿ ಮಳೆಗಾಲಕ್ಕೆ ಮುಂಚೆ ಕೋರೇ ಬದ್ಲಾಯ್ಸಿ.

ಎಂಜಿನ್ ಪೂರ್ತಿ ತಣ್ಣಗಾದ್ಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಕೂಲಂಟ್ ಟಬ್ಬಿಗೆ ಇಳ್ಸಿ. ಟಬ್ ಮುಚ್ಚಿಡಿ, ಸಿಹಿ ಅಂತ ನಾಯಿ, ದನ ನೆಕ್ಕತ್ವೆ, ಅದು ವಿಷ. ತೋಟಕ್ಕೂ ಚರಂಡಿಗೂ ಚೆಲ್ಬೇಡಿ, ಕ್ಯಾನಲ್ಲಿ ತುಂಬ್ಸಿ ಗ್ಯಾರೇಜಿಗೆ ಕೊಡಿ. ಹೋಸ್ ಕಚ್ಕೊಂಡಿದ್ರೆ ಎಳೀಬೇಡಿ, ಉದ್ದಕ್ಕೆ ಬ್ಲೇಡಲ್ಲಿ ಸೀಳಿ, ಹೋಸ್ ಹೆಂಗೂ ಹೊಸ್ದು ಹಾಕೋದೇ.

ಡ್ಯಾಶ್‌ಬೋರ್ಡ್ ಬಿಚ್ಚೋದೇ ಮುಕ್ಕಾಲು ಕೆಲ್ಸ. ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೋ, ಸ್ಕ್ರೂಗಳು ಬೇರೆಬೇರೆ ಡಬ್ಬಿಗೆ, ಹೀಟರ್ ಕೇಬಲ್ ಕ್ಲಿಪ್ ಕೂತಿದ್ದ ಜಾಗಕ್ಕೆ ಮಾರ್ಕರಲ್ಲಿ ಗೆರೆ, ಇಲ್ಲಾಂದ್ರೆ ಆಮೇಲೆ ಲಿವರ್ ಬಿಸಿ ಕಡೆ ಇದ್ರೂ ತಣ್ಣನೆ ಗಾಳಿ. ಏರ್‌ಬ್ಯಾಗ್ ಇರೋ ಗಾಡಿ ಆದ್ರೆ ಈ ಕೆಲ್ಸಕ್ಕೆ ನೀವು ಕೈ ಹಾಕ್ಬೇಡಿ. ಕೋರ್ ಕೂತಿರೋ ಹೀಟರ್ ಬಾಕ್ಸ್ ಹೊರಗೆ ತೆಗೆಯೋವಾಗ ಕೋರಿನ ಪೈಪಿಗೆ ಬಟ್ಟೆ ತುರ್ಕಿ, ಇಲ್ಲಾಂದ್ರೆ ಒಳಗೆ ಉಳ್ದಿದ್ದ ಕೂಲಂಟ್ ಕಾರ್ಪೆಟ್ಟಿಗೆ ಬೀಳತ್ತೆ. ಬಾಕ್ಸಲ್ಲಿ ಒಣಗಿದ ಎಲೆ, ಇಲಿ ಗೂಡು ಎಂತೆಂತದೋ ಸಿಗತ್ತೆ, ಕ್ಲೀನ್ ಮಾಡಿ.

ಹಳೇ ಕೋರ್ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ. ಮಾರುತಿ 800 ಬಂದಿದ್ದು 1983ರಲ್ಲಿ, ನಿಂತಿದ್ದು 2014ರಲ್ಲಿ, ಹೆಸ್ರು ಒಂದೇ ಅಂತ ಪಾರ್ಟೂ ಒಂದೇ ಅಂದ್ಕೋಬೇಡಿ. ಹಿತ್ತಾಳೆ, ತಾಮ್ರದ್ದಾದ್ರೆ ರೇಡಿಯೇಟರ್ ರಿಪೇರಿಯವ್ರು ಬೆಸುಗೆ ಹಾಕಿ ಕೊಡ್ತಾರೆ, ಶಿವಮೊಗ್ಗದಲ್ಲಾದ್ರೆ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್ ಕಡೆ ಕೇಳಿ ನೋಡಿ. ಅಲ್ಯೂಮಿನಿಯಂ ಆದ್ರೆ ಹೊಸ್ದೇ ತಗೊಳಿ. ಹಾಕೋಕ್ ಮುಂಚೆ ಒಂದು ಪೈಪ್ ಮುಚ್ಚಿ ಇನ್ನೊಂದ್ರಲ್ಲಿ ಮೆಲ್ಲಗೆ ಗಾಳಿ ಬಿಟ್ಟು ಬಕೆಟ್ ನೀರಲ್ಲಿ ಮುಳುಗ್ಸಿ, ಗುಳ್ಳೆ ಬಂದ್ರೆ ವಾಪಸ್. ಸುತ್ತ ಫೋಮ್ ಪಟ್ಟಿ ಅಂಟ್ಸೋದು ಮರೀಬೇಡಿ.

ಬಾಕ್ಸ್ ಕೂರ್ಸಿ, ಹೊಸ ಕ್ಲಾಂಪ್ ಹಾಕಿ, ಕೂಲಂಟ್ ಮತ್ತೆ ಡಿಸ್ಟಿಲ್ಡ್ ವಾಟರ್ 50:50 ತುಂಬ್ಸಿ, ಬೋರ್ ನೀರು ಬೇಡ. ಬ್ಯಾಟರಿ ವಾಪಸ್ ಜೋಡ್ಸಿ, ರೇಡಿಯೇಟರ್ ಕ್ಯಾಪ್ ತೆಗ್ದೇ ಇಟ್ಟು ಹೀಟರ್ ಫುಲ್ ಬಿಸಿಗೆ ತಿರುಗ್ಸಿ ಸ್ಟಾರ್ಟ್ ಮಾಡಿ, ಗಾಡಿ ಮೂತಿ ಸ್ವಲ್ಪ ಏರಲ್ಲಿರ್ಲಿ, ಹ್ಯಾಂಡ್‌ಬ್ರೇಕ್ ಜೊತೆ ಚಕ್ರಕ್ಕೆ ಕಲ್ಲು ಕೊಡಿ. ಗುಳ್ಳೆ ಬರ್ತಾ ಲೆವೆಲ್ ಇಳ್ದ ಹಾಗೆ ತುಂಬ್ಸಿ, ನೀರು ಉಕ್ಕೋ ಹಾಗೆ ಕಂಡ್ರೆ ಆಫ್ ಮಾಡಿ ದೂರ ನಿಲ್ಲಿ. ಗುಳ್ಳೆ ನಿಂತ್ಮೇಲೆ ಕ್ಯಾಪ್ ಹಾಕಿ ರೇಡಿಯೇಟರ್ ಫ್ಯಾನ್ ತಿರುಗೋವರ್ಗೂ ನಿಂತಲ್ಲೇ ಎಂಜಿನ್ ಓಡ್ಸಿ, ಪ್ರೆಶರ್ ಬಂದ್ಮೇಲೇನೇ ಲೀಕ್ ಕಾಣೋದು. ಪೈಪ್ ಜಾಯಿಂಟಿಗೆ ಟಿಶ್ಯೂ ಒತ್ತಿ ನೋಡಿ, ಒಣಗಿದ್ರೆ ಮಾತ್ರ ಡ್ಯಾಶ್‌ಬೋರ್ಡ್ ವಾಪಸ್ ಕೂರ್ಸಿ.

ಮಾರನೇ ದಿನ ಬೆಳಿಗ್ಗೆ ತಣ್ಣಗಿರೋವಾಗ ಲೆವೆಲ್ ನೋಡಿ, ಕಮ್ಮಿ ಆಗಿದ್ರೆ ಕೋರಿಗಿಂತ ಮೊದ್ಲು ಕ್ಲಾಂಪ್ ಮೇಲೆ ಡೌಟ್ ಪಡಿ.