ಟ್ರಸ್ಟ್ ಮಾಡಿಸಿದ್ದಾಯಿತು, ಮನೆ ಈಗ ಯಾರ ಹೆಸರಲ್ಲಿದೆ?

ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆ ಇರುವ ನಮ್ಮವರಿಗೆ ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿಯನ್ನು ಹಾಕಿಟ್ಟು, ನಮ್ಮ ನಂತರ ಯಾರಿಗೆ ಎಂದು ಬರೆದಿಡುವ ವ್ಯವಸ್ಥೆ) ಬೇಕಾಗುವುದಕ್ಕೆ ದೊಡ್ಡ ಕಾರಣ ಪ್ರೊಬೇಟ್ ಕೋರ್ಟಿನ, ಅಂದರೆ ತೀರಿಕೊಂಡವರ ಆಸ್ತಿಯನ್ನು ಹಂಚಿಸುವ ಕೋರ್ಟಿನ, ಖರ್ಚು. ವಕೀಲರ ಫೀಸನ್ನು ಅಲ್ಲಿ ಕಾನೂನೇ ಗೊತ್ತುಮಾಡಿದೆ: ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಅದರಾಚೆಯ 8 ಲಕ್ಷಕ್ಕೆ ಶೇ. 2. ಅಂದರೆ 10 ಲಕ್ಷ ಡಾಲರಿನ ಮನೆಗೆ 23,000 ಡಾಲರ್. ವಿಲ್ ಜಾರಿ ಮಾಡುವ ಎಕ್ಸಿಕ್ಯೂಟರ್ ಕೇಳಿದರೆ ಅವರಿಗೂ ಅಷ್ಟೇ. ಮನೆ ಮೇಲೆ 7 ಲಕ್ಷ ಸಾಲವಿದ್ದರೂ ಲೆಕ್ಕ ಪೂರ್ತಿ ಬೆಲೆಯ ಮೇಲೆಯೇ.

ಈ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರನ್ನು ಅಲ್ಲಿ ಟ್ರಸ್ಟ್ ಮಿಲ್ ಎನ್ನುತ್ತಾರೆ. ಹೋಟೆಲಿನಲ್ಲಿ ಪುಕ್ಕಟೆ ಊಟ, ಒಂದು ಗಂಟೆ ಭಾಷಣ, ವಾರದೊಳಗೆ ಚರ್ಮದ ಹೊದಿಕೆಯ ದಪ್ಪ ಫೈಲು. ಎಲ್ಲರಿಗೂ ಅದೇ ನಮೂನೆ, ಹೆಸರಷ್ಟೇ ಬೇರೆ. ನಮ್ಮದನ್ನು ಮಾಡಿಸುವಾಗ ನಾನು ಮೊದಲು ಮೂರು ಪ್ರಶ್ನೆ ಕೇಳಿದೆ. ಪತ್ರ ಬರೆಯುವವರು ಈ ರಾಜ್ಯದ ವಕೀಲರೇ, ಅವರ ಬಾರ್ ನಂಬರ್ (ವಕೀಲಿಕೆಯ ನೋಂದಣಿ ಸಂಖ್ಯೆ) ಏನು? ಮನೆಯ ಡೀಡ್ (ಮಾಲೀಕತ್ವ ವರ್ಗಾಯಿಸುವ ಪತ್ರ) ಬರೆದು ರೆಕಾರ್ಡ್ ಮಾಡಿಸುವುದೂ ಈ ಫೀಸಿನಲ್ಲೇ ಸೇರಿದೆಯೇ? ಇದೇ ಕಚೇರಿಯಲ್ಲಿ ಆನ್ಯುಟಿ (ಹಣ ಕಟ್ಟಿ ಮುಂದೆ ಕಂತುಗಳಲ್ಲಿ ಪಡೆಯುವ ಯೋಜನೆ), ವಿಮೆ ಮಾರುತ್ತಾರೆಯೇ? ಮಕ್ಕಳ ವಿಷಯ ಕೇಳುವ ಮೊದಲೇ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವವರ ಕಣ್ಣು ಬಹುಮಟ್ಟಿಗೆ ಆನ್ಯುಟಿ ಕಮಿಷನ್ ಮೇಲಿರುತ್ತದೆ. ಮನೆಗೇ ಬಂದು ಸಹಿ ಹಾಕಿಸಿಕೊಂಡಿದ್ದರೆ ಮೂರು ಕೆಲಸದ ದಿನಗಳೊಳಗೆ ರದ್ದು ಮಾಡುವ ಹಕ್ಕು ಫೆಡರಲ್ ನಿಯಮದಲ್ಲೇ ಇದೆ. ಅದನ್ನು ಬರವಣಿಗೆಯಲ್ಲೇ ಮಾಡಬೇಕು.

ಅತಿ ಹೆಚ್ಚು ಎಡವಟ್ಟಾಗುವುದು ಡೀಡಿನಲ್ಲಿ. ಫೈಲಿನ ಹಿಂದೆ ‘ಷೆಡ್ಯೂಲ್ ಎ’ ಎಂಬ ಹಾಳೆ ಇರುತ್ತದೆ, ಅಲ್ಲಿ ಮನೆಯ ವಿಳಾಸ ಬರೆದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿಲ್ಲ. ಹೊಸ ಡೀಡಿನಲ್ಲಿ ಮನೆ ಟ್ರಸ್ಟನ್ನು ನಡೆಸುವ ಟ್ರಸ್ಟಿಗಳ ಹೆಸರಿಗೆ ಹೋಗಬೇಕು: ಗಂಡ ಹೆಂಡತಿ ಇಬ್ಬರ ಹೆಸರು, ‘ಟ್ರಸ್ಟಿಗಳಾಗಿ’ ಎಂಬ ಮಾತು, ಟ್ರಸ್ಟಿನ ಹೆಸರು, ಅದು ಸಹಿಯಾದ ದಿನಾಂಕ. ನಾಲ್ಕೂ ಇರಬೇಕು. ಆಸ್ತಿಯ ವಿವರಣೆ ಮತ್ತು ಪಾರ್ಸೆಲ್ ನಂಬರನ್ನು ಹಳೆಯ ಡೀಡಿನಿಂದ ಅಕ್ಷರಕ್ಕೆ ಅಕ್ಷರ ಇಳಿಸಿದೆ, ಬೆರಳಿಟ್ಟುಕೊಂಡು ಎರಡು ಸಲ ಓದಿದೆ. ನೋಟರಿ ಮುಂದೆ ಸಹಿ, ಡೀಡಿನ ಮೇಲೆಯೇ ವರ್ಗಾವಣೆ ತೆರಿಗೆ ವಿನಾಯಿತಿಯ 11930ನೇ ಕಲಮಿನ ಉಲ್ಲೇಖ, ಜೊತೆಗೆ ಮಾಲೀಕತ್ವ ಬದಲಾವಣೆಯ ಪ್ರಾಥಮಿಕ ವರದಿ. ಇವಿಷ್ಟನ್ನೂ ಕೌಂಟಿ ರೆಕಾರ್ಡರ್ ಕಚೇರಿಗೆ ಕೊಡಬೇಕು. ಮನೆಯನ್ನು ಸ್ವಂತ ಟ್ರಸ್ಟಿನೊಳಗೆ ಹೀಗೆ ಹಾಕಿದರೆ ಮನೆ ತೆರಿಗೆಯ ಮರುಮೌಲ್ಯಮಾಪನ ಇಲ್ಲ. ನೀವೇ ವಾಸವಿರುವ ಮನೆಯಾದರೆ, 1982ರ ಗಾರ್ನ್ ಸೇಂಟ್ ಜರ್ಮೇನ್ ಕಾಯ್ದೆಯ ಪ್ರಕಾರ ಈ ಕಾರಣಕ್ಕೆ ಬ್ಯಾಂಕ್ ಪೂರ್ತಿ ಸಾಲ ತೀರಿಸಿ ಎನ್ನುವಂತಿಲ್ಲ. ಮನೆ ವಿಮೆ ಕಂಪನಿಗೂ ಟೈಟಲ್ (ಮಾಲೀಕತ್ವದ) ವಿಮೆ ಕಂಪನಿಗೂ ಒಂದೊಂದು ಪತ್ರ ಹಾಕಿದ್ದೆ.

ಇನ್ನೊಂದು ಕಡೆ ಜಾರುತ್ತದೆ. ರಿಫೈನಾನ್ಸ್ ಮಾಡುವಾಗ, ಅಂದರೆ ಹಳೆಯ ಮನೆ ಸಾಲ ತೀರಿಸಿ ಹೊಸದು ಪಡೆಯುವಾಗ, ಎಷ್ಟೋ ಬ್ಯಾಂಕುಗಳು ಮನೆಯನ್ನು ಟ್ರಸ್ಟಿನಿಂದ ಹೊರಗೆ ತರಿಸುತ್ತವೆ. ಸಾಲ ಮಂಜೂರಾದ ಮೇಲೆ ಮತ್ತೆ ಒಳಗೆ ಹಾಕುವ ನೆನಪು ಯಾರಿಗೂ ಇರುವುದಿಲ್ಲ. ಹಾಗೇ ಮಾಲೀಕರು ತೀರಿಕೊಂಡರೆ ಉಳಿಯುವುದು ‘ಮನೆ ಟ್ರಸ್ಟಿನದೇ ಎಂದು ಘೋಷಿಸಿ’ ಎಂದು ಕೇಳುವ, 1993ರ ಹೆಗ್‌ಸ್ಟಾಡ್ ತೀರ್ಪಿನ ಹೆಸರಿನ ಅರ್ಜಿ, ಅದೂ ಕೋರ್ಟಿಗೇ. ಆದ್ದರಿಂದ ರಿಫೈನಾನ್ಸ್ ಸಹಿಯ ದಿನವೇ ವಾಪಸ್ ಹಾಕುವ ಡೀಡನ್ನೂ ಸಿದ್ಧವಾಗಿಡಿ.

401(ಕೆ), ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಗಳನ್ನು ಮಾತ್ರ ಟ್ರಸ್ಟಿನ ಹೆಸರಿಗೆ ಬದಲಿಸಲೇಬೇಡಿ. ಪೂರ್ತಿ ಹಣ ತೆಗೆದಂತೆ ಲೆಕ್ಕವಾಗಿ ಆ ವರ್ಷವೇ ಆದಾಯ ತೆರಿಗೆ ಬೀಳುತ್ತದೆ. ಅಲ್ಲಿ ಬೇಕಾದದ್ದು ನಾಮಿನಿ ಫಾರಂ ಅಷ್ಟೇ.

ಮಿಲ್ಲಿನ ನಮೂನೆ ಹಳೆಯದು ಎಂದು ತಿಳಿಯಲು ನಾನು ಹುಡುಕುವುದು ಒಂದೇ ಷರತ್ತು: ದಂಪತಿಯಲ್ಲಿ ಮೊದಲು ಒಬ್ಬರು ತೀರಿಕೊಂಡಾಗ ಟ್ರಸ್ಟ್ ಕಡ್ಡಾಯವಾಗಿ ಎ, ಬಿ ಎಂದು ಎರಡಾಗಬೇಕು ಎನ್ನುವುದು. 1997ರಲ್ಲಿ ಎಸ್ಟೇಟ್ ತೆರಿಗೆಯ (ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆಯ) ವಿನಾಯಿತಿ 6 ಲಕ್ಷ ಡಾಲರ್ ಇದ್ದಾಗ ಅದಕ್ಕೆ ಅರ್ಥವಿತ್ತು. 2026ಕ್ಕೆ ಆ ಮಿತಿ ತಲಾ 1.5 ಕೋಟಿ ಡಾಲರ್. ಹೆಚ್ಚಿನ ಮನೆಗಳಿಗೆ ಈಗ ಆ ಷರತ್ತಿನಿಂದ ನಷ್ಟವೇ: ಬಿ ಭಾಗಕ್ಕೆ ಪ್ರತ್ಯೇಕ ತೆರಿಗೆ ರಿಟರ್ನ್ ಬೇಕು, ಮೇಲಾಗಿ ಎರಡನೆಯವರು ತೀರಿಕೊಂಡಾಗ ಆ ಭಾಗದ ಆಸ್ತಿಯ ಮೂಲಬೆಲೆ ಅಂದಿನ ಮಾರುಕಟ್ಟೆ ಬೆಲೆಗೆ ಏರುವುದಿಲ್ಲ. ಮಕ್ಕಳು ಮನೆ ಮಾರಿದಾಗ ಏರಿದ ಬೆಲೆಯ ಲಾಭದ ಮೇಲಿನ ತೆರಿಗೆ ಅವರ ತಲೆ ಮೇಲೆ.

ನಮ್ಮ ಜನರ ವಿಷಯದಲ್ಲಿ ಈ ನಮೂನೆಗಳು ಪೂರಾ ಕುರುಡು. ಇಬ್ಬರೂ ಅಮೆರಿಕದ ಪ್ರಜೆಗಳು ಎಂದೇ ಅವು ಹೊರಡುತ್ತವೆ. ಒಬ್ಬರು ತೀರಿಕೊಂಡು, ಬದುಕುಳಿದ ಸಂಗಾತಿಯ ಬಳಿ ಗ್ರೀನ್ ಕಾರ್ಡ್ ಮಾತ್ರ ಇದ್ದರೆ ದಂಪತಿಗಳಿಗಿರುವ ಮಿತಿಯಿಲ್ಲದ ಎಸ್ಟೇಟ್ ತೆರಿಗೆ ವಿನಾಯಿತಿ ಸಿಗದು. ಆಸ್ತಿ ದೊಡ್ಡದಿದ್ದರೆ ಕ್ಯೂಡಾಟ್ ಎಂಬ ಬೇರೆ ಬಗೆಯ ಟ್ರಸ್ಟಿಗೆ ಅವಕಾಶ ಬರೆದಿಡಬೇಕು. ನಮ್ಮ ನಂತರ ಟ್ರಸ್ಟ್ ನಡೆಸುವ ಟ್ರಸ್ಟಿಯಾಗಿ ಮೈಸೂರಿನ ತಮ್ಮನ ಹೆಸರು ಹಾಕುವುದು ಇನ್ನೊಂದು ತಪ್ಪು. ಅಮೆರಿಕದ ತೆರಿಗೆದಾರನಲ್ಲದ ಅವನ ಕೈಗೆ ಮುಖ್ಯ ನಿರ್ಧಾರಗಳು ಹೋದರೆ ಇಡೀ ಟ್ರಸ್ಟೇ ವಿದೇಶಿ ಟ್ರಸ್ಟ್ ಆಗಿಬಿಡಬಹುದು; ವಿದೇಶಿ ಟ್ರಸ್ಟಿನ ವರದಿ ಕೊಡುವ ಫಾರಂ 3520ರ ಕಾಟ, ತಪ್ಪಿದರೆ ಭಾರಿ ದಂಡ. ಹಣದ ಹೊಣೆಯನ್ನು ಅಮೆರಿಕದಲ್ಲೇ ಇರುವ ಸ್ನೇಹಿತರಿಗೆ ಕೊಟ್ಟು, ಮಕ್ಕಳನ್ನು ನೋಡಿಕೊಳ್ಳುವ ಗಾರ್ಡಿಯನ್ ಹೆಸರನ್ನು ನಾವು ಬೇರೆಯಾಗಿ ಬರೆಸಿದ್ದೇವೆ.

ಊರಿನ ಸೈಟು, ತೋಟ ಈ ಟ್ರಸ್ಟಿಗೆ ಸೇರುವುದಿಲ್ಲ. ಸ್ಥಿರಾಸ್ತಿಗೆ ಅದಿರುವ ನೆಲದ ಕಾನೂನೇ ಕಾನೂನು. ಕ್ಯಾಲಿಫೋರ್ನಿಯಾ ನೋಟರಿಯ ಮುದ್ರೆಯಿಂದ ಸಬ್‌ರಿಜಿಸ್ಟ್ರಾರ್ ಪುಸ್ತಕದಲ್ಲಿ ಏನೂ ಬದಲಾಗದು. ಅದಕ್ಕೆ ಪ್ರತ್ಯೇಕ ವಿಲ್ ಬರೆದೆವು, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವಂತೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ನೋಂದಣಿ ಕಡ್ಡಾಯವಲ್ಲ. ಆದರೆ ಟ್ರಸ್ಟ್ ಫೈಲಿನಲ್ಲಿರುವ ಅಮೆರಿಕದ ವಿಲ್ಲಿನ ಮೊದಲ ಸಾಲನ್ನು ಗಮನಿಸಿ: ‘ನನ್ನ ಹಿಂದಿನ ಎಲ್ಲಾ ವಿಲ್‌ಗಳನ್ನು ಈ ಮೂಲಕ ರದ್ದು ಮಾಡಿದ್ದೇನೆ’. ಊರಿನ ವಿಲ್ ಮೊದಲೇ ಬರೆದಿದ್ದರೆ ಈ ಒಂದು ಸಾಲಿಗೆ ಅದೂ ಹೋಯಿತು. ‘ಭಾರತದಲ್ಲಿರುವ ಆಸ್ತಿಯ ವಿಲ್ ಹೊರತುಪಡಿಸಿ’ ಎಂದು ಸೇರಿಸಿಸಿದೆವು; ಭಾರತದ ವಿಲ್ಲಿನಲ್ಲೂ ಅದೇ ರೀತಿ ಅಮೆರಿಕದ ವಿಲ್ಲನ್ನು ಬಿಟ್ಟು ಬರೆದೆವು.

ಮಿಲ್ಲಿನ ಫೈಲು ಈಗಾಗಲೇ ಕಪಾಟಿನಲ್ಲಿದ್ದರೆ ಸಿಟ್ಟಿನಿಂದ ಟ್ರಸ್ಟನ್ನು ರದ್ದು ಮಾಡಬೇಡಿ. ಇಬ್ಬರೂ ಬದುಕಿರುವಾಗ ಒಳ್ಳೆಯ ವಕೀಲರಿಂದ ‘ರೀಸ್ಟೇಟ್‌ಮೆಂಟ್’ ಬರೆಸಬಹುದು: ಒಳಗಿನ ಷರತ್ತೆಲ್ಲ ಹೊಸದು, ಟ್ರಸ್ಟಿನ ಹೆಸರು ಮತ್ತು ಮೊದಲ ದಿನಾಂಕ ಹಳೆಯದೇ. ಹೀಗಾಗಿ ಡೀಡ್ ಸರಿಯಾಗಿ ರೆಕಾರ್ಡ್ ಆಗಿದ್ದರೆ ಮನೆಗೂ ಬ್ಯಾಂಕ್ ಖಾತೆಗೂ ಮತ್ತೆ ಕೈ ಹಚ್ಚುವ ಕೆಲಸವಿಲ್ಲ.