ರವದಿ ಬೆಂಕಿಯ ಲೆಕ್ಕ: ಭಾರತ, ಬ್ರೆಜಿಲ್ ಹೋಲಿಸಲು ಹೋಗಿ ನಾನು ಕಲಿತದ್ದು

ನಮ್ಮೂರು ದಕ್ಷಿಣ ಸೋಲಾಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಮೇಲಿದೆ. ಹೊಳೆ ದಾಟಿದರೆ ವಿಜಯಪುರ ಜಿಲ್ಲೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಕಬ್ಬಿನ ಒಣ ಎಲೆಗೆ ನಾವು ರವದಿ ಅಂತೀವಿ, ಮರಾಠಿಯವರು ಪಾಚಟ ಅಂತಾರೆ. ಹೆಸರು ಯಾವುದಾದರೂ ಸರಿ, ಕಡಿಯುವ ಟೋಳಿ ಹೊಲ ಬಿಟ್ಟ ಮೂರ್ನಾಲ್ಕು ದಿನಕ್ಕೆ ಅದಕ್ಕೆ ಕಡ್ಡಿ ಗೀರುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಈ ಹೊಗೆಯಲ್ಲಿ ಹೋಗುವ, ಭೂಮಿಯ ಬಿಸಿ ಏರಿಸುವ ನೈಟ್ರಸ್ ಆಕ್ಸೈಡ್ ಅನಿಲದ ಲೆಕ್ಕ ಮಾಡೋಣ, ಇನ್ನೊಂದು ದೇಶದ ಜೊತೆ ಹೋಲಿಸೋಣ ಅಂತ ಮಕ್ಕಳಿಗೆ ಹೇಳಿದೆ. ಕಬ್ಬು ಅಂದ ಮೇಲೆ ಬ್ರೆಜಿಲ್ ಅಲ್ವಾ?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪಟ್ಟಿಯಲ್ಲಿ ಬೆಳೆಯ ಉಳಿಕೆ ಸುಟ್ಟ ಹೊಗೆಯ ಅಂಕಿ 1961ರಿಂದ ಎಲ್ಲ ದೇಶಗಳದ್ದೂ ಸಿಗುತ್ತದೆ. ಭತ್ತ, ಗೋಧಿ, ಗೋವಿನಜೋಳ, ಕಬ್ಬು, ಹೀಗೆ ನಾಲ್ಕೇ ಬೆಳೆ. ಅರ್ಧ ಗಂಟೆಯಲ್ಲಿ ಚಾರ್ಟ್ ತಯಾರಾಯಿತು. ಒಟ್ಟು ಲೆಕ್ಕದಲ್ಲಿ ಭಾರತ ಮುಂದೆ, ಬರೀ ಕಬ್ಬಿನಲ್ಲಿ ಬ್ರೆಜಿಲ್ ಮುಂದೆ. ಅಲ್ಲಿ ಸುಮಾರು 1 ಕೋಟಿ ಹೆಕ್ಟೇರ್ ಕಬ್ಬು, ನಮ್ಮಲ್ಲಿ ಸುಮಾರು 50 ಲಕ್ಷ. ಹೊಗೆಯೂ ಹೆಚ್ಚುಕಡಿಮೆ ಅದೇ ಅಳತೆಯಲ್ಲಿ ದುಪ್ಪಟ್ಟು.

ಇಲ್ಲೇ ನನಗೆ ಅನುಮಾನ ಬಂತು. ಇಷ್ಟು ಸರಿಯಾಗಿ ದುಪ್ಪಟ್ಟು ಹೇಗೆ? ಪಟ್ಟಿ ಮಾಡುವ ಬಗೆಯನ್ನು ಓದಿದೆ. ಕಟಾವಾದ ಕ್ಷೇತ್ರವನ್ನು ತಗೊಂಡು, ಹೆಕ್ಟೇರಿಗೆ ಇಷ್ಟು ಸುಡುತ್ತದೆ ಎಂಬ ಒಂದೇ ಅಂಕಿಯಿಂದ ಗುಣಿಸುತ್ತಾರೆ. ಎಲ್ಲ ದೇಶಕ್ಕೂ ಅದೇ ಅಂಕಿ. ಯಾರು ಸುಟ್ಟರು, ಯಾರು ಬಿಟ್ಟರು ಎಂಬುದು ಆ ಲೆಕ್ಕಕ್ಕೆ ಕಾಣುವುದೇ ಇಲ್ಲ. ನಾನು ಎರಡು ದೇಶಗಳ ಹೊಗೆ ಹೋಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಹೋಲಿಸಿದ್ದು ಹೊಲದ ವಿಸ್ತಾರ, ಅಷ್ಟೇ.

ನಿಜದಲ್ಲಿ ಎರಡೂ ಕಡೆಯ ಬೆಂಕಿಯೇ ಬೇರೆ. ಬ್ರೆಜಿಲ್‌ನಲ್ಲಿ ಕೈಯಿಂದ ಕಡಿಯಲು ಸುಲಭವಾಗಲೆಂದು ನಿಂತ ಕಬ್ಬಿಗೇ ಬೆಂಕಿ ಇಡುತ್ತಿದ್ದರು. ನಮ್ಮಲ್ಲಿ ಹೆಚ್ಚಾಗಿ ಕಡಿದ ಮೇಲೆ, ಬುಡದಿಂದ ಮತ್ತೆ ಚಿಗುರುವ ಕುಳೆಗೆ ನೀರು ಬಿಡಲು ದಾರಿ ಆಗಲಿ ಅಂತ. ಅಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವ ಸಾವೊ ಪಾವ್ಲೊ ರಾಜ್ಯ 2002ರಲ್ಲಿ ಕಾನೂನು ತಂದು, ಯಂತ್ರ ಹೋಗುವ ಹೊಲದಲ್ಲಿ 2021ಕ್ಕೆ, ಉಳಿದ ಕಡೆ 2031ಕ್ಕೆ ಸುಡುವುದು ನಿಲ್ಲಬೇಕು ಎಂದಿತು. 2007ರ ಒಪ್ಪಂದದಲ್ಲಿ ಸರ್ಕಾರ, ಕಾರ್ಖಾನೆಗಳು ಸೇರಿ ಅದನ್ನು 2014 ಮತ್ತು 2017ಕ್ಕೆ ಹಿಂದೆ ತಂದವು. ಕಟಾವು ಯಂತ್ರ ಬಂತು, ಬೆಂಕಿ ಇಳಿಯಿತು. ಪಟ್ಟಿಯಲ್ಲಿ ಮಾತ್ರ ಕ್ಷೇತ್ರ ಏರಿದಂತೆ ಹೊಗೆಯೂ ಏರುತ್ತದೆ. ಇನ್ನು ನಮ್ಮ ಗೋವಿನಜೋಳದ ದಂಟು! ಇಲ್ಲಿ ಅದನ್ನು ಸುಟ್ಟವನನ್ನು ಎಮ್ಮೆಯೇ ಬಿಡುವುದಿಲ್ಲ. ಪಟ್ಟಿ ಅದನ್ನೂ ಸುಡುತ್ತದೆ.

ಚಾರ್ಟ್ ಹರಿದು ಹಾಕಿ, ನಮ್ಮದೇ ಒಂದು ಎಕರೆಯಿಂದ ಶುರು ಮಾಡಿದೆವು. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯಂತೆ ಒಂದು ಹೆಕ್ಟೇರ್ ಕಬ್ಬಿನ ಹೊಲದಲ್ಲಿ ಸುಡುವುದು 6.5 ಟನ್. ಎಕರೆಗೆ ಸುಮಾರು 2.6 ಟನ್. ಒಂದು ಕಿಲೋ ಸುಟ್ಟರೆ 0.07 ಗ್ರಾಂ ನೈಟ್ರಸ್ ಆಕ್ಸೈಡ್. ಅಂದರೆ ಎಕರೆಗೆ 184 ಗ್ರಾಂ. ತೂಕಕ್ಕೆ ತೂಕ ಇದರ ಬಿಸಿ ಇಂಗಾಲದ ಡೈಆಕ್ಸೈಡಿನ 265 ಪಟ್ಟು, ಹಾಗಾಗಿ 265ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ 49 ಕಿಲೋ. ಈ 265ರಲ್ಲೂ ಒಮ್ಮೆ ಬಿದ್ದೆ. ಹಳೆಯ ವರದಿಗಳು 310 ಹಿಡಿಯುತ್ತವೆ. ಒಂದು ದೇಶಕ್ಕೆ ಅದು, ಇನ್ನೊಂದಕ್ಕೆ ಇದು ಹಾಕಿ ಎರಡು ದಿನ ಖುಷಿಯಾಗಿದ್ದೆ. ನೀವು ಮಾಡುವುದಾದರೆ ಮೊದಲು ಎರಡನ್ನೂ ಬರೀ ಅನಿಲದ ತೂಕಕ್ಕೆ ಇಳಿಸಿಕೊಳ್ಳಿ.

ಆಮೇಲೆ ಒಬ್ಬ ಹುಡುಗಿ ಕೇಳಿದಳು, "ಸರ್, ಗೊಬ್ಬರದಿಂದ ಎಷ್ಟು?" 45 ಕಿಲೋದ ಯೂರಿಯಾ ಚೀಲದಲ್ಲಿ 20.7 ಕಿಲೋ ಸಾರಜನಕ. ಅದರಲ್ಲಿ ನೂರಕ್ಕೆ ಒಂದು ಪಾಲು ಈ ಅನಿಲವಾಗಿ ಹೋಗುತ್ತದೆ ಎಂಬುದು ಅದೇ ಮಾರ್ಗಸೂಚಿಯ ಲೆಕ್ಕ. ಸಾರಜನಕದ ತೂಕವನ್ನು ಅನಿಲದ ತೂಕಕ್ಕೆ ತರಲು 44ರಿಂದ ಗುಣಿಸಿ 28ರಿಂದ ಭಾಗಿಸಬೇಕು, ಇದನ್ನು ಮರೆಯುವವರೇ ಜಾಸ್ತಿ. ಉತ್ತರ 325 ಗ್ರಾಂ. ಒಂದೇ ಚೀಲ ಯೂರಿಯಾ, ಒಂದು ಎಕರೆ ಬೆಂಕಿಗಿಂತ ಮುಂದೆ! ತರಗತಿ ಸುಮ್ಮನಾಯಿತು. ನಾನೂ.

ಪ್ರದರ್ಶನಕ್ಕೆ ಬಂದಿದ್ದ ನಮ್ಮ ಕಾಕಾ ಇದನ್ನೇ ಹಿಡಿದುಕೊಂಡರು. "ಹಂಗಾದ್ರ ಸುಡೂದು ತಪ್ಪಲ್ಲ ಅಂದಂಗಾತು!"

"ಈ ಒಂದು ಅನಿಲದ ಲೆಕ್ಕದಾಗ ನಿಮ್ಮ ಮಾತು ಖರೇನ ಅದ ಕಾಕಾ" ಅಂದೆ. ರವದಿ ಮಣ್ಣಿಗೆ ಸೇರಿಸಿದರೂ ಕೊಳೆಯುವಾಗ ಅದೇ ಅನಿಲ ಬರುತ್ತದೆ, ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ. ಆದರೆ ಅದೇ ಬೆಂಕಿಯಲ್ಲಿ ಎಕರೆಗೆ 7 ಕಿಲೋ ಮೀಥೇನ್ ಹೋಗುತ್ತದೆ, ಆ 7 ಕಿಲೋದ ಬಿಸಿ ಅದೇ ಬೆಂಕಿಯ 184 ಗ್ರಾಂ ನೈಟ್ರಸ್ ಆಕ್ಸೈಡಿನ ಬಿಸಿಯ ನಾಲ್ಕು ಪಟ್ಟು. ಹೊಗೆಯ ಕಣಗಳದ್ದು ಬೇರೆ ಕಥೆ, ಶಾಲೆಯಲ್ಲಿ ಕೆಮ್ಮುವ ಮಕ್ಕಳು ಅದಕ್ಕೆ ಸಾಕ್ಷಿ. ರವದಿಯಲ್ಲಿದ್ದ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ. ಎಕರೆಗೆ ಮೂರು ಟನ್ ರವದಿ ಹಿಡಿದರೆ ಅದು ಸುಮಾರು 12 ಕಿಲೋ, ಅರ್ಧ ಚೀಲ ಯೂರಿಯಾಕ್ಕಿಂತ ಜಾಸ್ತಿ. ಕಾಕಾ ಅನಿಲಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅರ್ಧ ಚೀಲ ಅಂದದ್ದಕ್ಕೆ ಮಾತ್ರ "ಮತ್ತೊಮ್ಮೆ ಹೇಳು" ಅಂದರು.

ಈ ಸಲ ಅವರು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ರವದಿ ಹರಡಿದ್ದಾರೆ. ಬದುವಿನ ಆಚೆಯ ಅರ್ಧ ಎಕರೆಯನ್ನು ಸುಟ್ಟಿದ್ದಾರೆ. ಯಾಕೆ ಅಂತ ಕೇಳಿದರೆ, "ನಿಂದೂ ಲೆಕ್ಕ ಖರೇ ಏನು ನೋಡಬೇಕಲ್ಲ" ಅನ್ನುತ್ತಾರೆ.